ಚಾರ್ಜರ್‌ಗಿಂತ ಮೊದಲು ಮೀಟರ್ ಬೋರ್ಡ್

ಎಲೆಕ್ಟ್ರಿಕ್ ಕಾರು ಬುಕ್ ಮಾಡಲು ಹೋದವರಿಗೆ ಶೋರೂಮಿನಲ್ಲಿ ಎದುರಾಗುವ ಪ್ರಶ್ನೆಗಳಲ್ಲಿ ಒಂದು, 'ಮನೆಗೆ 3.3 ಕಿಲೋವ್ಯಾಟ್ ಚಾರ್ಜರ್ ಸಾಕಾ ಸಾರ್, 7.2 ಬೇಕಾ?' ಎಂಬುದು. ಲಕ್ಷಗಟ್ಟಲೆ ಕೊಟ್ಟು ಕಾರು ಕೊಳ್ಳುವಾಗ ಇನ್ನಷ್ಟು ಸಾವಿರಕ್ಕೆ ಹಿಂದೆಮುಂದೆ ನೋಡುವುದೇಕೆ ಎಂದು ಬಹಳ ಜನ ದೊಡ್ಡದಕ್ಕೇ ಹೂಂ ಅಂದುಬಿಡುತ್ತಾರೆ. ಈ ಪ್ರಶ್ನೆಗೆ ಉತ್ತರ ಶೋರೂಮಿನಲ್ಲಿ ಸಿಗುವುದಿಲ್ಲ. ಅದು ಮನೆಯ ಮೀಟರ್ ಬೋರ್ಡಿನಲ್ಲಿ, ತಿಂಗಳ ಕರೆಂಟ್ ಬಿಲ್ಲಿನಲ್ಲಿ ಮತ್ತು ಕಾಂಪೌಂಡಿನ ಮೂಲೆಯಲ್ಲಿರುವ ಅರ್ಥಿಂಗ್ ಗುಂಡಿಯಲ್ಲಿದೆ.

ಮೈಸೂರಿನ ಈಶಾನ್ಯ ಅಂಚಿನ ಕೆಸರೆಯನ್ನೇ ತೆಗೆದುಕೊಳ್ಳಿ. ಮೊದಲು ತನ್ನ ಪಾಡಿಗೆ ಇದ್ದ ಊರು. ಈಗ ಸುತ್ತಲೂ ಬಡಾವಣೆಗಳು ಬೆಳೆದು ನಗರದೊಳಗೇ ಸೇರಿಹೋಗಿದೆ. 20x30, 30x40 ಸೈಟುಗಳು, ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರೋ ಭೋಗ್ಯದವರೋ. ಸ್ಕೂಟರ್ ಗೇಟಿನೊಳಗೆ, ಕಾರು ಬಹುಪಾಲು ರಸ್ತೆಯಲ್ಲಿ. ಇಂಥ ಮನೆಗಳ ವೈರಿಂಗ್ ಮಾಡಿಸಿದಾಗ ಯಾರ ಮನಸ್ಸಿನಲ್ಲೂ ಕಾರು ಇರಲಿಲ್ಲ. ಲೈಟು, ಫ್ಯಾನು, ಟೀವಿ, ಆಮೇಲೆ ಫ್ರಿಜ್ಜು, ಗೀಸರ್, ಸಂಪಿನ ಮೋಟರ್ ಒಂದೊಂದಾಗಿ ಸೇರಿಕೊಂಡವು. ನಮ್ಮ ರಾಜ್ಯದಲ್ಲಿ ಬಡವರಿಗೆ ಕರೆಂಟ್ ಕೊಟ್ಟ ಭಾಗ್ಯಜ್ಯೋತಿ ಯೋಜನೆಯ ಮನೆಗಳು ಒಂದು ಬಲ್ಬಿನಿಂದ ಶುರುವಾದವು. ಅದನ್ನು 40 ವ್ಯಾಟಿನ ಬಲ್ಬು ಎಂದುಕೊಂಡರೆ, 3.3 ಕಿಲೋವ್ಯಾಟಿನ ಚಿಕ್ಕ ಚಾರ್ಜರ್ ಅಂಥ 80ಕ್ಕೂ ಹೆಚ್ಚು ಬಲ್ಬುಗಳಷ್ಟು ಕರೆಂಟ್ ಎಳೆಯುತ್ತದೆ, ಅದೂ ರಾತ್ರಿಯಿಡೀ.

ಚಾರ್ಜರ್ ಎಂದು ಗೋಡೆಗೆ ತೂಗುಹಾಕುವ ಆ ಪೆಟ್ಟಿಗೆ ನಿಜಕ್ಕೂ ಏನು ಮಾಡುತ್ತದೆ ಎಂದು ತಿಳಿದುಕೊಂಡರೆ ಅರ್ಧ ಗೊಂದಲ ಕರಗುತ್ತದೆ. ಮನೆಗೆ ಬರುವುದು ಎಸಿ ಕರೆಂಟ್, ಬ್ಯಾಟರಿಗೆ ಬೇಕಾದದ್ದು ಡಿಸಿ. ಒಂದನ್ನು ಇನ್ನೊಂದಾಗಿ ಬದಲಿಸುವ ಯಂತ್ರ ಕಾರಿನೊಳಗೇ ಇದೆ, ಅದಕ್ಕೆ ಆನ್‌ಬೋರ್ಡ್ ಚಾರ್ಜರ್ ಎನ್ನುತ್ತಾರೆ. ಗೋಡೆಯ ಪೆಟ್ಟಿಗೆಯಲ್ಲಿ ಇರುವುದು ಒಂದು ದೊಡ್ಡ ಸ್ವಿಚ್ಚು, ಸುರಕ್ಷತೆಯ ಒಂದಿಷ್ಟು ಪರೀಕ್ಷೆಗಳು ಮತ್ತು ಕಾರಿನ ಜೊತೆ ಮಾತಾಡುವ ಒಂದು ಸಣ್ಣ ತಂತಿ. ಆ ತಂತಿಯಲ್ಲಿ ಸೆಕೆಂಡಿಗೆ 1000 ಸಲ ಏರಿಳಿಯುವ 12 ವೋಲ್ಟಿನ ಸಂಕೇತ ಹರಿಯುತ್ತದೆ. ಪ್ರತಿ ಏರಿಳಿತದಲ್ಲಿ ಎಷ್ಟು ಹೊತ್ತು ಮೇಲೆ ಇರುತ್ತದೆ ಎಂಬುದರ ಮೇಲೆ 'ನಾನು ಇಷ್ಟು ಆಂಪ್ಸ್ ಕೊಡಬಲ್ಲೆ' ಎಂದು ಪೆಟ್ಟಿಗೆ ಕಾರಿಗೆ ತಿಳಿಸುತ್ತದೆ. ಅರ್ಧ ಹೊತ್ತು ಮೇಲಿದ್ದರೆ 30 ಆಂಪ್ಸ್, ಕಾಲು ಭಾಗಕ್ಕಿಂತ ತುಸು ಹೆಚ್ಚಿದ್ದರೆ 16. ಪ್ಲಗ್ ಸರಿಯಾಗಿ ಕೂತಿದೆ, ಅರ್ಥ್ ಇದೆ, ಕಾರು ಸಿದ್ಧವಾಗಿದೆ ಎಂದು ಖಾತ್ರಿಯಾದ ಮೇಲೆಯೇ ಒಳಗೆ 'ಟಕ್' ಎಂದು ಕಾಂಟ್ಯಾಕ್ಟರ್ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಕೇಬಲ್ಲಿನ ತುದಿಯಲ್ಲಿ ಕರೆಂಟೇ ಇರುವುದಿಲ್ಲ. ಕಾರಿನ ಜೊತೆ ಬರುವ ಪೋರ್ಟಬಲ್ ಕೇಬಲ್ಲಿನ ನಡುವೆ ಇಟ್ಟಿಗೆಯಂತೆ ಕಾಣುವ ಡಬ್ಬಿ ಮಾಡುವುದೂ ಇದೇ ಕೆಲಸ.

ಹಾಗಾಗಿ ಚಾರ್ಜಿಂಗ್ ವೇಗವನ್ನು ಪೆಟ್ಟಿಗೆಯೊಂದೇ ತೀರ್ಮಾನಿಸುವುದಿಲ್ಲ. ಕಾರಿನೊಳಗಿನ ಯಂತ್ರ, ಪೆಟ್ಟಿಗೆ, ವೈರು, ಮೈಸೂರಿಗೆ ಕರೆಂಟ್ ಕೊಡುವ ಸೆಸ್ಕ್ ಮಂಜೂರು ಮಾಡಿರುವ ಲೋಡು, ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅದೇ ಕೊನೆಯ ಮಾತು. ಕಾರಿನಲ್ಲಿ 3.3 ಕಿಲೋವ್ಯಾಟಿನ ಯಂತ್ರವಿದ್ದರೆ ಗೋಡೆಗೆ 7.2ರ ಪೆಟ್ಟಿಗೆ ಹಾಕಿಸಿ ಒಂದು ನಿಮಿಷವೂ ಉಳಿಯುವುದಿಲ್ಲ. ಟಾಟಾ ಟಿಯಾಗೊ, ಎಂಜಿ ಕಾಮೆಟ್‌ನಂಥ ಕಾರುಗಳಲ್ಲಿ ವೇರಿಯಂಟ್ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಮಹೀಂದ್ರದ ಬಿಇ 6 ಕೊಳ್ಳುವವರು 7.2 ಅಥವಾ 11.2 ಕಿಲೋವ್ಯಾಟಿನ ಪೆಟ್ಟಿಗೆಯನ್ನು ಆರಿಸಿಕೊಳ್ಳಬಹುದು. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ 11 ಕಿಲೋವ್ಯಾಟ್‌ವರೆಗೆ ತೆಗೆದುಕೊಳ್ಳಬಲ್ಲದು. ಆದರೆ 11 ಕಿಲೋವ್ಯಾಟ್ ಎಂದರೆ ಮೂರು ಫೇಸಿನಿಂದ ತಲಾ 16 ಆಂಪ್ಸ್. ಮನೆಗೆ ಸಿಂಗಲ್ ಫೇಸ್ ಮಾತ್ರ ಇದ್ದರೆ ಆ ಸಂಖ್ಯೆ ಬ್ರೋಶರಿನಲ್ಲೇ ಉಳಿಯುತ್ತದೆ.

ಇನ್ನು ದಿನದ ಓಡಾಟದ ಲೆಕ್ಕ. ಕೆಸರೆಯಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವವರಿಗೆ ದಿನಕ್ಕೆ 25 ಕಿಲೋಮೀಟರ್ ಆದೀತು. ನಂಜನಗೂಡಿನ ಕಾರ್ಖಾನೆಗೆ ಹೋಗಿಬರುವವರಿಗೆ 60ರ ಆಸುಪಾಸು. ನಮ್ಮ ರಸ್ತೆಗಳಲ್ಲಿ ಸಾಧಾರಣ ಗಾತ್ರದ ಕಾರು ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುತ್ತದೆ. ಅಂದರೆ ನಂಜನಗೂಡಿನವರಿಗೂ ದಿನಕ್ಕೆ ಬೇಕಾದದ್ದು ಹತ್ತು ಯೂನಿಟ್. ಸಾದಾ 15 ಆಂಪ್ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಚುಚ್ಚಿ ಬೆಳಿಗ್ಗೆ ಆರಕ್ಕೆ ಕಿತ್ತರೆ, ನಷ್ಟವನ್ನೆಲ್ಲ ಕಳೆದರೂ 150 ಕಿಲೋಮೀಟರ್ ಓಡುವಷ್ಟು ತುಂಬಿರುತ್ತದೆ. ಕೆಸರೆಯಿಂದ ಬೆಂಗಳೂರಿನ ಮೆಜೆಸ್ಟಿಕ್ ತಲುಪಲು ಅಷ್ಟು ಸಾಕು.

ಮನೆಯ ಪ್ಲಗ್ಗಿನಲ್ಲಿ ಕಾರು ಚಾರ್ಜ್ ಮಾಡುವುದು ಕರ್ನಾಟಕಕ್ಕೆ ನಿನ್ನೆಮೊನ್ನೆಯ ಸಂಗತಿಯೂ ಅಲ್ಲ. ಚೇತನ್ ಮೈನಿ ಅವರ ಕಂಪನಿ ಬೆಂಗಳೂರಿನಲ್ಲಿ ತಯಾರಿಸಿದ ರೇವಾ 2001ರಲ್ಲೇ ರಸ್ತೆಗಿಳಿಯಿತು. ಲೆಡ್ ಆಸಿಡ್ ಬ್ಯಾಟರಿ, ಪೂರ್ತಿ ತುಂಬಿದರೆ 80 ಕಿಲೋಮೀಟರ್ ಓಟ. ಅದನ್ನು ಕೊಂಡವರು ಗೋಡೆಗೆ ಯಾವ ಪೆಟ್ಟಿಗೆಯನ್ನೂ ಹಾಕಿಸಲಿಲ್ಲ, ಮನೆಯ 15 ಆಂಪ್ ಪ್ಲಗ್ಗಿಗೇ ಸಿಕ್ಕಿಸುತ್ತಿದ್ದರು. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯವೂ ನಮ್ಮದೇ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ದಿನಕ್ಕೆ 100 ಕಿಲೋಮೀಟರ್‌ಗಿಂತ ಕಡಿಮೆ ಓಡಿಸುವ, ರಾತ್ರಿ ಕಾರು ಮನೆಯಲ್ಲೇ ನಿಲ್ಲುವ ಕುಟುಂಬಕ್ಕೆ 3.3 ಕಿಲೋವ್ಯಾಟ್ ಧಾರಾಳವಾಗಿ ಸಾಕು. ದೊಡ್ಡ ಪೆಟ್ಟಿಗೆಗೆ ಕೊಡುವ ಹಣವನ್ನು ವೈರು, ಅರ್ಥಿಂಗ್, ಬ್ರೇಕರುಗಳಿಗೆ ಹಾಕಬೇಕು. ದಿನವೂ ದೂರ ಓಡುವ ಟ್ಯಾಕ್ಸಿಯವರು, ಒಂದೇ ಮನೆಯಲ್ಲಿ ಎರಡು ಎಲೆಕ್ಟ್ರಿಕ್ ಕಾರು ಇರುವವರು, 60 ಯೂನಿಟ್ಟಿಗಿಂತ ದೊಡ್ಡ ಬ್ಯಾಟರಿಯ ಕಾರಿನಲ್ಲಿ ಪದೇಪದೇ ಊರೂರು ಸುತ್ತುವವರು 7.2 ಹಾಕಿಸಲಿ. ವರ್ಷಕ್ಕೆ ನಾಲ್ಕು ಸಲ ಧರ್ಮಸ್ಥಳಕ್ಕೋ ಬೆಂಗಳೂರಿಗೋ ಹೋಗುವುದಕ್ಕಾಗಿ ಅದು ಬೇಡ. ಬೆಂಗಳೂರು ಹೆದ್ದಾರಿಯ ಹೋಟೆಲುಗಳ ಅಂಗಳದಲ್ಲಿ ಡಿಸಿ ಫಾಸ್ಟ್ ಚಾರ್ಜರ್‌ಗಳಿವೆ. ಒಂದು ದೋಸೆ, ಒಂದು ಕಾಫಿ ಮುಗಿಯುವಷ್ಟರಲ್ಲಿ ಬೇಕಾದಷ್ಟು ತುಂಬಿರುತ್ತದೆ.

ಹಾಗೆಂದು ಇರುವ ಪ್ಲಗ್ಗಿಗೇ ಚುಚ್ಚಿಬಿಡಿ ಎಂದು ನಾನು ಹೇಳುತ್ತಿಲ್ಲ. ಜನ ಹೆಚ್ಚಾಗಿ ಎಡವುವುದೇ ಇಲ್ಲಿ. ಗೀಸರ್ ಇಪ್ಪತ್ತು ನಿಮಿಷ ಉರಿದು ನಿಲ್ಲುತ್ತದೆ; ಕಾರು ಎಂಟು ಗಂಟೆ ಬಿಡದೆ ಎಳೆಯುತ್ತದೆ. ಹಳೆಯ 15 ಆಂಪ್ ಸಾಕೆಟ್ಟಿನ ಹಿಂಬದಿಯನ್ನು ಒಮ್ಮೆ ಬಿಚ್ಚಿಸಿ ನೋಡಿ. ಸ್ಕ್ರೂ ಸಡಿಲವಾಗಿ ವೈರಿನ ಎಳೆಗಳು ಕಪ್ಪಾಗಿರುತ್ತವೆ, ಮೇಲಿನ ಇನ್ಸುಲೇಶನ್ ಗಟ್ಟಿಯಾಗಿ ಉಗುರು ತಾಗಿದರೆ ಪುಡಿಯಾಗುತ್ತದೆ, ಪಿನ್ನಿನ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿರುತ್ತದೆ. ಅಂಥ ಒಂದು ಸಡಿಲ ಜಾಯಿಂಟಿನಲ್ಲಿ ಬರೀ 0.1 ಓಮ್ ತಡೆಯಿದ್ದರೂ 15 ಆಂಪ್ಸ್ ಹರಿಯುವಾಗ ಅಲ್ಲಿ 22 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಅಂದರೆ ರೇಡಿಯೊ ರಿಪೇರಿಯವರ ಸಾಲ್ಡರಿಂಗ್ ಐರನ್ ಒಂದನ್ನು ಉರಿಸಿ ಗೋಡೆಯೊಳಗೆ ಇಟ್ಟು ಮಲಗಿದಂತೆ.

ಆದ್ದರಿಂದ ಕಾರಿಗೆ ಬೇರೆಯದೇ ಲೈನ್ ಬೇಕು. ಮೀಟರ್ ಬೋರ್ಡಿನಿಂದ ನೇರ ಕಾರಿನ ಜಾಗಕ್ಕೆ, ನಡುವೆ ಬೇರೆ ಯಾವ ಪಾಯಿಂಟೂ ಇಲ್ಲದೆ, ನಡುವೆ ಜಾಯಿಂಟೂ ಇಲ್ಲದೆ. 15 ಆಂಪ್ ಚಾರ್ಜಿಂಗ್‌ಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು, 32 ಆಂಪ್ಸ್‌ನ 7.2ಕ್ಕೆ ಕನಿಷ್ಠ 6, ದೂರ ಹೆಚ್ಚಿದ್ದರೆ 10. '2.5 ಸಾಕು ಸಾರ್, ತಡಕೊಳ್ಳುತ್ತೆ' ಎನ್ನುವವರು ಇದ್ದಾರೆ. ತಡೆದುಕೊಳ್ಳಬಹುದು, ಆದರೆ ಹಿಂದಿನ ಶೆಡ್ಡಿನವರೆಗೆ 30 ಮೀಟರ್ ಎಳೆದ 2.5ರ ವೈರಿನಲ್ಲಿ 15 ಆಂಪ್ಸ್ ಹರಿದರೆ ಸುಮಾರು 100 ವ್ಯಾಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಪ್ರತಿ ರಾತ್ರಿ, ವರ್ಷಗಟ್ಟಲೆ. ಕಾರು ಕಂಪನಿಗಳು ಉಚಿತ ಇನ್‌ಸ್ಟಲೇಶನ್ ಎಂದು ಹೇಳುವಾಗ ಸಾಮಾನ್ಯವಾಗಿ ಇಷ್ಟೇ ಮೀಟರ್ ವೈರು ಎಂಬ ಮಿತಿ ಇರುತ್ತದೆ. ಆಚೆಗಿನದಕ್ಕೆ ನಾವೇ ಕೊಡಬೇಕು, ಯಾವ ವೈರು ಹಾಕುತ್ತಾರೆಂದು ನಾವೇ ನಿಂತು ನೋಡಬೇಕು.

ಈಗ ಅರ್ಥಿಂಗ್. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸಿಂಗಲ್ ಫೇಸ್ ಮನೆಗೆ ಕಂಬದಿಂದ ಬರುವುದು ಸಾಮಾನ್ಯವಾಗಿ ಎರಡೇ ತಂತಿ, ಫೇಸು ಮತ್ತು ನ್ಯೂಟ್ರಲ್. ಅರ್ಥ್ ನಾವೇ ಮನೆಯ ಪಕ್ಕ ಗುಂಡಿ ತೋಡಿ ಮಾಡಿಕೊಳ್ಳಬೇಕಾದದ್ದು. ಮನೆ ಕಟ್ಟಿದ ವರ್ಷ ಇದ್ದಿಲು, ಉಪ್ಪು ತುಂಬಿ ಪೈಪ್ ನೆಟ್ಟಿದ್ದಿರಬಹುದು. ಆಮೇಲೆ ಅದರ ಮೇಲೆ ಟೈಲ್ಸ್ ಬಂದಿರುತ್ತದೆ, ಇಲ್ಲವೇ ತಂತಿ ತುಕ್ಕು ಹಿಡಿದು ತುಂಡಾಗಿರುತ್ತದೆ. ಫ್ರಿಜ್ಜು, ಟೀವಿ ಯಾವುದೂ ದೂರು ಹೇಳದ್ದರಿಂದ ಯಾರಿಗೂ ಗೊತ್ತಾಗಿರುವುದಿಲ್ಲ. ಎಲೆಕ್ಟ್ರಿಕ್ ಕಾರು ಮಾತ್ರ ದೂರು ಹೇಳುತ್ತದೆ. ಅರ್ಥ್ ಸರಿಯಿಲ್ಲ ಎಂದು ಗೊತ್ತಾದ ಕೂಡಲೇ ಕೇಬಲ್ಲಿನ ಡಬ್ಬಿಯಲ್ಲಿ ಕೆಂಪು ದೀಪ ಮಿನುಗಿ ಚಾರ್ಜಿಂಗ್ ನಿಲ್ಲುತ್ತದೆ.

ಹೊಸ ಕಾರು ಮನೆಮುಂದೆ ನಿಂತಿದೆ, ಪೂಜೆ ಆಗಿದೆ, ಚಾರ್ಜ್ ಆಗುತ್ತಿಲ್ಲ. ಆಗ ಬರುವ ಮಾತು ಇದು: 'ಬಿಡಿ ಸಾರ್, ಎರಡು ನಿಮಿಷದಲ್ಲಿ ಸರಿ ಮಾಡ್ತೀನಿ.' ಸಾಕೆಟ್ ಬಿಚ್ಚಿ, ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ಗೇಣುದ್ದದ ತುಂಡು ವೈರು ಸೇರಿಸಿದರೆ ಕೆಂಪು ದೀಪ ಹೋಗಿ ಹಸಿರು ಬರುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಇದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಕಾರಿನ ಲೋಹದ ಮೈ ಅರ್ಥ್ ಪಿನ್ನಿಗೆ ಕೂಡಿಕೊಂಡಿರುತ್ತದೆ. ಮಳೆಗಾಳಿಗೆ ಕಂಬದಲ್ಲೋ ಮೀಟರಿನ ಬಳಿಯೋ ನ್ಯೂಟ್ರಲ್ ತುಂಡಾದ ದಿನ, ಮನೆಯಲ್ಲಿ ಉರಿಯುತ್ತಿರುವ ಬಲ್ಬು, ಫ್ಯಾನುಗಳ ಮೂಲಕ 230 ವೋಲ್ಟ್ ಹಿಂದಿರುಗಿ ಆ ತುಂಡು ವೈರನ್ನು ಹಾದು ಕಾರಿನ ಮೈಗೆ ಬರುತ್ತದೆ. ಬಾಗಿಲ ಹಿಡಿಗೆ ಕೈ ಇಡುವ ಮಗು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರಬಹುದು. ಎಷ್ಟೇ ಪರಿಚಯದ ಎಲೆಕ್ಟ್ರಿಷಿಯನ್ ಆಗಿರಲಿ, ಆ ತುಂಡು ವೈರು ಹಾಕಲು ಬಿಡಬೇಡಿ. ಹಾಕಿದ್ದರೆ ಇವತ್ತೇ ತೆಗೆಸಿ.

ಹೊಸ ಅರ್ಥಿಂಗ್ ಮಾಡಿಸುವುದು ಒಂದು ದಿನದ ಕೆಲಸ. ತಾಮ್ರ ಲೇಪಿಸಿದ ರಾಡು ನೆಟ್ಟು, ಸುತ್ತ ತೇವ ಹಿಡಿದಿಡುವ ಪುಡಿ ತುಂಬಿ, ಮೇಲೊಂದು ಮುಚ್ಚಳದ ಗುಂಡಿ ಬಿಟ್ಟರೆ ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕಲೂ ಆಗುತ್ತದೆ, ವರ್ಷಕ್ಕೊಮ್ಮೆ ಪರೀಕ್ಷಿಸಲೂ ಆಗುತ್ತದೆ. ಅರ್ಥ್ ಟೆಸ್ಟರ್ ಇಟ್ಟು ಅಳೆಸಿ, 5 ಓಮ್‌ಗಿಂತ ಕಡಿಮೆ ಬರುವಂತೆ ನೋಡಿಕೊಳ್ಳಿ. ಟೆಸ್ಟ್ ಲ್ಯಾಂಪ್ ಉರಿಯಿತು ಎಂಬುದನ್ನು ಪರೀಕ್ಷೆ ಎಂದು ಒಪ್ಪಬೇಡಿ.

ಅರ್ಥ್ ಇದ್ದರೂ ಸೋರಿಕೆಯನ್ನು ಕ್ಷಣದಲ್ಲಿ ಕತ್ತರಿಸುವ ಆರ್‌ಸಿಸಿಬಿ ಬೇಕೇ ಬೇಕು, 30 ಮಿಲಿಆಂಪ್ಸ್‌ನದು. ಅದರಲ್ಲೂ ಟೈಪ್ ಎ ಕೇಳಿ ಪಡೆಯಿರಿ. ಅಂಗಡಿಯಲ್ಲಿ ಸುಲಭವಾಗಿ ಕೈಗೆ ಬರುವುದು ಟೈಪ್ ಎಸಿ. ಕಾರಿನ ಯಂತ್ರ ಎಸಿಯನ್ನು ಡಿಸಿ ಮಾಡುವಾಗ ಆಗಬಹುದಾದ ಸೋರಿಕೆಯನ್ನು ಅದು ಗುರುತಿಸದೇ ಹೋಗಬಹುದು. ಗೋಡೆಯ ಪೆಟ್ಟಿಗೆಯಲ್ಲಿ 6 ಮಿಲಿಆಂಪ್ಸ್ ಡಿಸಿ ಸೋರಿಕೆ ಪತ್ತೆಹಚ್ಚುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ನನ್ನ ಮಟ್ಟಿಗೆ ವೈಫೈ, ಆ್ಯಪ್, ಬಣ್ಣದ ದೀಪಗಳಿಗಿಂತ ಇದು ನೂರು ಪಾಲು ಮುಖ್ಯ. ಇನ್ನೊಂದು, ಪೆಟ್ಟಿಗೆ ಕೆಟ್ಟರೆ ರಿಪೇರಿಗೆ ಮೈಸೂರಿನಲ್ಲೇ ಯಾರಾದರೂ ಇದ್ದಾರೆಯೇ ಎಂಬುದು. ಮಳೆ ಎರಚುವ ಗೋಡೆಗೆ ಹಾಕುವುದಾದರೆ ಐಪಿ 54 ಅಥವಾ ಮೇಲಿನ ದರ್ಜೆ ಇರಲಿ. ಪೆಟ್ಟಿಗೆ ರಸ್ತೆಗೆ ಮುಖ ಮಾಡಿದ್ದರೆ ಕಾರ್ಡ್ ತೋರಿಸಿದಾಗ ಮಾತ್ರ ಚಾಲೂ ಆಗುವಂಥದ್ದು ಒಳ್ಳೆಯದು.

ಬಿಲ್ಲಿನ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ: ಉಚಿತ ವಿದ್ಯುತ್ತಿನ ಗೃಹಜ್ಯೋತಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ನಮ್ಮ ಉಚಿತ ಮಿತಿ ಗೊತ್ತುಮಾಡಲಾಯಿತು. ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ತಿಂಗಳಿಗೆ 120 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿದ್ದ ಮನೆಗೆ ತಿಂಗಳಿಗೆ 1000 ಕಿಲೋಮೀಟರ್ ಓಡುವ ಕಾರು ಬಂದರೆ 165 ಯೂನಿಟ್‌ನಷ್ಟು ಸೇರಿ ಒಟ್ಟು 285 ಆಗುತ್ತದೆ. ವಿದ್ಯುತ್ ದರ ನಿಗದಿ ಮಾಡುವ ಕೆಇಆರ್‌ಸಿಯ 2025-26ರ ದರದಲ್ಲಿ ಗೃಹಬಳಕೆಯ ಯೂನಿಟ್ಟಿಗೆ 5.80 ರೂಪಾಯಿ, ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ, ಜೊತೆಗೆ ವಿದ್ಯುತ್ ನೌಕರರ ಪಿಂಚಣಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ, ಮೇಲೆ ತೆರಿಗೆ. 3 ಕಿಲೋವ್ಯಾಟ್ ಲೋಡಿನ ಮನೆಗೆ ಬಿಲ್ಲು 2300 ರೂಪಾಯಿಯ ಆಸುಪಾಸು ಬಂದೀತು. ಅಷ್ಟೇ ದೂರಕ್ಕೆ ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಲೀಟರಿಗೆ ನೂರು ರೂಪಾಯಿ ಎಂದರೂ 6600ಕ್ಕಿಂತ ಹೆಚ್ಚು. ಗೃಹಜ್ಯೋತಿ ಕೈಬಿಟ್ಟರೂ ಲಾಭವೇ. ಆದರೆ ಅದನ್ನು ಉಳಿಸಿಕೊಳ್ಳುವ ದಾರಿಯೂ ಇದೆ: ಕಾರಿಗೆ ಪ್ರತ್ಯೇಕ ಮೀಟರ್. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿ, ವಾಹನ ಚಾರ್ಜಿಂಗ್‌ಗೆಂದೇ ಬೇರೆ ಸಂಪರ್ಕ ಪಡೆಯುವ ಹಕ್ಕು ಕೊಟ್ಟಿದೆ. ಕೆಇಆರ್‌ಸಿ ದರಪಟ್ಟಿಯಲ್ಲಿ ಇದಕ್ಕೆ ಬೇರೆ ವರ್ಗವೂ ಇದೆ. ಎರಡನೇ ಮೀಟರಿನ ನಿಗದಿತ ಶುಲ್ಕ, ಠೇವಣಿ, ವೈರಿಂಗ್ ಖರ್ಚು ಸೇರಿಸಿ, ನಿಮ್ಮ ಮನೆಯ ಹಿಂದಿನ ಹನ್ನೆರಡು ಬಿಲ್ಲು ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಮನೆಯ ಬಳಕೆ ಈಗಾಗಲೇ 200 ದಾಟಿದವರಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. 100ರ ಆಸುಪಾಸು ಇದ್ದವರು ಖಂಡಿತ ಯೋಚಿಸಬೇಕು.

ಅದೇ ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟೆಂದು ಅಚ್ಚಾಗಿರುತ್ತದೆ. 2 ಕಿಲೋವ್ಯಾಟ್ ಲೋಡಿನ ಮನೆಯಲ್ಲಿ 3.3ರ ಚಾರ್ಜರ್ ಕೂಡ ಲೋಡು ಹೆಚ್ಚಿಸಿಕೊಳ್ಳದೆ ನಡೆಸಬಾರದು. 7.2 ಹಾಕಿಸಿದರೆ ನಮ್ಮಲ್ಲಿ ಸಾಮಾನ್ಯವಾಗಿ 5 ಕಿಲೋವ್ಯಾಟ್ ದಾಟಿ ತ್ರೀ ಫೇಸಿಗೆ ಹೋಗಬೇಕಾಗುತ್ತದೆ. ಏಳು ಕಿಲೋವ್ಯಾಟ್ ಹೆಚ್ಚಾದರೆ ನಿಗದಿತ ಶುಲ್ಕವೇ ತಿಂಗಳಿಗೆ ಸಾವಿರ ರೂಪಾಯಿ ಏರುತ್ತದೆ, ಕಾರು ಓಡಲಿ ಬಿಡಲಿ. ಶೋರೂಮಿನ ಲೆಕ್ಕದಲ್ಲಿ ಈ ಸಾವಿರ ಬರುವುದಿಲ್ಲ.

ಲೋಡು ಹೇಳದೆ ಕದ್ದುಮುಚ್ಚಿ ನಡೆಸುವುದರಲ್ಲಿ ನಮ್ಮ ಬಿಲ್ಲಿಗಿಂತ ದೊಡ್ಡ ಸಂಗತಿಯೊಂದಿದೆ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿ, 100 ಕೆವಿಎಯದು ಎಂದುಕೊಳ್ಳಿ. ಹತ್ತು ಮನೆಯವರು ಸಂಜೆ ಏಳಕ್ಕೆ ಕೆಲಸದಿಂದ ಬಂದು 7.2ರ ಚಾರ್ಜರ್ ಹಾಕಿದರೆ 72 ಕಿಲೋವ್ಯಾಟ್ ಅಲ್ಲಿಗೇ ಮುಗಿಯಿತು. ಉಳಿದ ಮನೆಗಳ ಲೈಟು, ಟೀವಿ, ಮಿಕ್ಸಿ, ಮೋಟರಿಗೆ ಏನು ಉಳಿದೀತು? ಹಾಗಾಗಿ ಲೋಡು ಹೆಚ್ಚಿಸಲು ಅರ್ಜಿ ಕೊಡುವುದು ಬರೀ ಕಾನೂನಿನ ಮಾತಲ್ಲ. ಎಲ್ಲಿ ಎಷ್ಟು ಬೇಕು ಎಂದು ಗೊತ್ತಾದರೆ ತಾನೇ ಸೆಸ್ಕ್‌ನವರು ಟಿಸಿ ಬದಲಿಸುವುದು. ಅಲ್ಲಿಯವರೆಗೆ ಕಾರಿನ ಪರದೆಯಲ್ಲೇ ಇರುವ ಟೈಮರಿನಲ್ಲಿ ರಾತ್ರಿ ಹನ್ನೊಂದಕ್ಕೆ ಶುರುವಾಗುವಂತೆ ಇಡಿ. ಬೆಳಿಗ್ಗೆ ಗೀಸರ್, ಮೋಟರ್ ಹಾಕುವ ಹೊತ್ತಿಗೆ ಕಾರಿನ ಕೆಲಸ ಮುಗಿದಿರುತ್ತದೆ. ಬಹಳ ಕಾರುಗಳಲ್ಲಿ ಆಂಪ್ಸ್ ಇಳಿಸುವ ಸೌಲಭ್ಯವೂ ಇದೆ. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿಯುವ ಬೀದಿಗಳಲ್ಲಿ ಅದನ್ನು ಬಳಸಿ.

ಚಾವಣಿಯಲ್ಲಿ ಜಾಗವಿರುವವರು ಸೋಲಾರನ್ನೂ ಈ ಲೆಕ್ಕದಲ್ಲೇ ಸೇರಿಸಿಕೊಳ್ಳಬಹುದು. ಮೈಸೂರಿನ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಇದೆ. ಹಗಲು ಕಾರು ಆಫೀಸಿನಲ್ಲಿದ್ದರೂ ನೆಟ್ ಮೀಟರ್ ಮೂಲಕ ಆ ಯೂನಿಟ್ಟು ಲೆಕ್ಕಕ್ಕೆ ಜಮಾ ಆಗುತ್ತದೆ.

ಕಷ್ಟವಿರುವುದು ಬಾಡಿಗೆ, ಭೋಗ್ಯದ ಮನೆಯವರಿಗೆ ಮತ್ತು ಕಾರು ರಸ್ತೆಯಲ್ಲಿ ನಿಲ್ಲಿಸುವವರಿಗೆ. ಮೊದಲ ಮಹಡಿಯ ಕಿಟಕಿಯಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಇಳಿಬಿಟ್ಟು, ಚರಂಡಿ ಚಪ್ಪಡಿಯ ಮೇಲೆ ವೈರು ಹಾಸಿ ಚಾರ್ಜ್ ಮಾಡುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಓಡಾಡುವವರು ಎಡವುತ್ತಾರೆ, ವೈರು ಸವೆಯುತ್ತದೆ, ಮಳೆನೀರು ಬಾಕ್ಸಿನೊಳಗೆ ಇಳಿಯುತ್ತದೆ. ಮಾಲೀಕರ ಜೊತೆ ಮೊದಲೇ ಕೂತು ಮಾತಾಡುವುದು ಒಳ್ಳೆಯದು: 'ಯಜಮಾನರೇ, ಅರ್ಥಿಂಗ್ ಮತ್ತು ಲೈನ್ ಖರ್ಚು ನಾನು ಹಾಕಿಕೊಳ್ತೀನಿ, ಗೇಟಿನ ಒಳಗೆ ಒಂದು ಪಾಯಿಂಟಿಗೆ ಒಪ್ಪಿಗೆ ಕೊಡಿ, ಸಬ್ ಮೀಟರ್ ಹಾಕಿ ಯೂನಿಟ್ ಲೆಕ್ಕದಲ್ಲಿ ಕೊಡ್ತೀನಿ.' ಖಾಲಿ ಮಾಡುವಾಗ ಪೆಟ್ಟಿಗೆ ಬಿಚ್ಚಿಕೊಂಡು ಹೋಗಬಹುದು. ಅರ್ಥಿಂಗ್ ಆ ಮನೆಗೇ ಉಳಿಯುತ್ತದೆ ಎಂದರೆ ಒಪ್ಪುವ ಮಾಲೀಕರು ಇದ್ದಾರೆ. ಒಪ್ಪದಿದ್ದರೆ, ಗೇಟಿನೊಳಗೆ ನಿಲ್ಲಿಸಲು ಜಾಗವೂ ಇಲ್ಲದಿದ್ದರೆ, ಕಾರು ಬುಕ್ ಮಾಡುವ ಮುನ್ನ ಆಫೀಸಿನಲ್ಲಿ ಚಾರ್ಜಿಂಗ್ ಇದೆಯೇ ಎಂದು ನೋಡಿಕೊಳ್ಳಬೇಕು.

ಈಗ ಹೊಸದಾಗಿ ಮನೆ ಕಟ್ಟಿಸುತ್ತಿರುವವರಿಗೆ ಇದೆಲ್ಲ ಬಹಳ ಸುಲಭ. ಪ್ಲಾಸ್ಟರಿಂಗ್‌ಗೆ ಮೊದಲು ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ಒಂದೂವರೆ ಇಂಚಿನ ಪೈಪ್ ಹಾಕಿಸಿ, ಒಳಗೊಂದು ಎಳೆಯುವ ದಾರ ಬಿಟ್ಟಿರಿ. ಇವತ್ತು ಕಾರು ಇಲ್ಲದಿದ್ದರೂ ಹಾಕಿಸಿ. ಮೇಲಿನ ಮನೆ ಬಾಡಿಗೆಗೆ ಕೊಡುವ ಉದ್ದೇಶವಿದ್ದರೆ ಅಂಥದೇ ಎರಡನೆಯ ಪೈಪನ್ನೂ ಪಕ್ಕದಲ್ಲೇ ಹಾಕಿಸಿಬಿಡಿ.